ಪಿಟೀಲು ವಿದ್ವಾಂಸ ಯೋಸೆಫ್ ಯೋವಾಖಿಮನ ಜೀವಿತ

ಸಂಗೀತವಿದ್ಯೆಯಿಂದ ಕೀರ್ತಿಯನ್ನು ಪಡೆಯುವವರಲ್ಲಿ ಎರಡು ತೆರನುಂಟು. ಕೈಚಳಕದಿಂದ ಸಭೆಯನ್ನು ಬೆರಗುಗೊಳಿಸಿ, ಕರತಾಡನದ ಸದ್ದು ಅಡಗುವಷ್ಟರಲ್ಲಿ ತಾವೂ ಮರೆಯಾಗುವವರು ಬಹುಮಂದಿ. ಪೂರ್ವಸೂರಿಗಳ ಕೃತಿಗಳ ಮುಂದೆ ತಮ್ಮನ್ನು ತಗ್ಗಿಸಿಕೊಂಡು, ತಾವು ಪಡೆದುದನ್ನು ಶಿಷ್ಯರಿಗೆ ಧಾರೆಯೆರೆದು ತೆರಳುವವರು ವಿರಳ. ಹತ್ತೊಂಬತ್ತನೆಯ ಶತಮಾನದ ಐರೋಪ್ಯ ಸಂಗೀತದಲ್ಲಿ ಈ ಎರಡನೆಯ ಪಂಕ್ತಿಗೆ ಅಗ್ರಗಣ್ಯನಾದವನು ಯೋಸೆಫ್ ಯೋವಾಖಿಮ್.

ಈತನು ಕ್ರಿ. ಶ. 1831ನೆಯ ಇಸವಿ ಜೂನ್ 28ರಂದು ಪ್ರೆಸ್‌ಬುರ್ಗ್ ನಗರಕ್ಕೆ ಸಮೀಪದ ಕಿಟ್ಸೇ ಎಂಬ ಗ್ರಾಮದಲ್ಲಿ ಜನಿಸಿದನು. ಈಗ ಆಸ್ಟ್ರಿಯಾ ದೇಶದೊಳಗಿರುವ ಆ ಊರು ಅಂದು ಹಂಗೇರಿ ರಾಜ್ಯಕ್ಕೆ ಸೇರಿದ್ದಿತು. ತಂದೆ ಉಣ್ಣೆಯ ವ್ಯಾಪಾರಿ, ಕುಲ ಯಹೂದ್ಯ, ಎಂಟು ಮಕ್ಕಳಲ್ಲಿ ಈತನು ಏಳನೆಯವನು. ಮಗುವಿಗೆ ಎರಡು ವರ್ಷವಾದಾಗ ಕುಟುಂಬವು ಪೆಸ್ಟ್ ನಗರಕ್ಕೆ ಬಂದು ನೆಲಸಿತು. ಅಲ್ಲಿನ ನಾಟಕಶಾಲೆಯ ವಾದ್ಯವೃಂದದಲ್ಲಿ ಮುಖ್ಯ ಪಿಟೀಲುಗಾರನಾಗಿದ್ದ ಸೆರ್ವಾಚಿನ್‌ಸ್ಕಿ ಎಂಬ ಪೋಲೆಂಡಿನವನು ಈ ಬಾಲಕನಿಗೆ ಆದ್ಯಗುರುವಾದನು. 1839ರ ಮಾರ್ಚಿಯಲ್ಲಿ, ಎಂಟು ತುಂಬುವುದಕ್ಕೆ ಮೊದಲೇ, ಬಾಲಕನು ಗುರುವಿನ ಪಕ್ಕದಲ್ಲಿ ನಿಂತು ಸಭೆಯಲ್ಲಿ ನುಡಿಸಿದನು.

ಹೆಚ್ಚಿನ ವ್ಯಾಸಂಗಕ್ಕೆಂದು ಬಾಲಕನನ್ನು ವಿಯೆನ್ನಾ ನಗರಕ್ಕೆ ಕಳುಹಿಸಿದರು. ಅಲ್ಲಿ ಹೆಲ್ಮೆಸ್‌ಬರ್ಗರ್ ಎಂಬ ಪ್ರಸಿದ್ಧ ಉಪಾಧ್ಯಾಯನು ಕೆಲವು ಕಾಲ ಪಾಠ ಹೇಳಿ, ಹುಡುಗನ ಬಲಗೈ ಬಿಗುವಾಗಿದೆ, ಕಮಾನು ಎಂದಿಗೂ ಸರಾಗವಾಗಿ ಆಡದು ಎಂದು ನಿರ್ಣಯವಿತ್ತನು. ಮಾತಾಪಿತೃಗಳು ಮಗನನ್ನು ಮರಳಿ ಊರಿಗೆ ಕರೆದೊಯ್ಯುವ ಯೋಚನೆಯಲ್ಲಿದ್ದರು. ಆ ಸಮಯಕ್ಕೆ ವಿಯೆನ್ನಾದಲ್ಲಿ ಕಚೇರಿ ಮಾಡುತ್ತಿದ್ದ ಎರ್ನ್‌ಸ್ಟ್ ಎಂಬ ಮಹಾವಾದಕನು, ತನ್ನ ಗುರುವಾದ ಯೋಸೆಫ್ ಬ್ಯೋಮನ ಬಳಿಗೆ ಹುಡುಗನನ್ನು ಒಯ್ಯುವಂತೆ ಸೂಚಿಸಿದನು. ಬ್ಯೋಮನು ಅವನನ್ನು ತನ್ನ ಮನೆಯಲ್ಲಿಯೇ ಇರಿಸಿಕೊಂಡು ಕಲಿಸಿದನು. ಒಬ್ಬ ಪಂಡಿತನ ಅವಸರದ ತೀರ್ಪಿನಿಂದ ಲೋಕಕ್ಕೆ ಎಂತಹ ನಷ್ಟವಾಗಬಹುದಾಗಿತ್ತೆಂಬುದನ್ನು ಬೋಧಕರಾದವರು ನೆನೆಯತಕ್ಕದ್ದು.

ಈ ಗುರುಕುಲವಾಸದಿಂದ ಯೋವಾಖಿಮನಿಗೆ ದೊರೆತುದು ಕೈಗಾರಿಕೆ ಮಾತ್ರವಲ್ಲ. 1825ರಲ್ಲಿ ಬೇಥೋವನನು ಹೊಸದಾಗಿ ರಚಿಸಿದ್ದ, ನಾಲ್ವರು ನುಡಿಸತಕ್ಕ ಕೃತಿಯೊಂದು ಮೊದಲ ಪ್ರಯೋಗದಲ್ಲಿ ಸೋತುಹೋಗಲು, ಅದನ್ನು ಪುನಃ ಸಿದ್ಧಪಡಿಸುವ ಭಾರವು ಬ್ಯೋಮನ ಮೇಲೆ ಬಿದ್ದಿತ್ತು. ಪೂರ್ಣವಾಗಿ ಕಿವುಡನಾಗಿದ್ದ ಕೃತಿಕರ್ತನು ಎದುರಿಗೆ ಕುಳಿತು, ಕಮಾನುಗಳ ಚಲನೆಯನ್ನು ಕಣ್ಣಿನಿಂದ ನೋಡಿಯೇ ಲಯದೋಷಗಳನ್ನು ತಿದ್ದಿದನಂತೆ. ಹಾಗೆ ಕಣ್ಣೆದುರಿನಲ್ಲಿ ತಿದ್ದಿಸಿಕೊಂಡವನ ಬಾಯಿಂದಲೇ ಯೋವಾಖಿಮನು ಆ ಸಂಪ್ರದಾಯವನ್ನು ಪಡೆದನು.

ನಾಲ್ವರ ಈ ಗೋಷ್ಠಿಯ ಲಕ್ಷಣವನ್ನು ನಮ್ಮ ವಾಚಕರಿಗಾಗಿ ಸ್ವಲ್ಪ ವಿವರಿಸುವುದು ಉಚಿತ. ನಮ್ಮ ಕಚೇರಿಯಲ್ಲಿ ಹಾಡುವವರು ಪ್ರಧಾನ. ಪಿಟೀಲು ಅವರನ್ನು ಅನುಸರಿಸುತ್ತದೆ. ಅವರ ಕ್ವಾರ್ಟೆಟ್ಟಿನಲ್ಲಾದರೋ ಎರಡು ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಯೋಲಾ, ಮೊಳಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಚೆಲ್ಲೋ, ಈ ನಾಲ್ಕು ವಾದ್ಯಗಳು ಏಕಕಾಲದಲ್ಲಿ ಬೇರೆಬೇರೆ ಧಾತುಗಳನ್ನು ನುಡಿಯುತ್ತವೆ. ಒಂದು ಕೇಳಿದುದಕ್ಕೆ ಮತ್ತೊಂದು ಉತ್ತರ ಕೊಡುತ್ತದೆ. ಒಂದು ತಗ್ಗಿದಾಗ ಮತ್ತೊಂದು ಎದ್ದು ನಿಲ್ಲುತ್ತದೆ. ತಾಳ ಹಾಕುವ ನಾಯಕನಿಲ್ಲ. ಮೂಲತಃ ಮನೆಯ ಕೊಠಡಿಗಳಲ್ಲಿ, ಅಲ್ಪ ಸಂಖ್ಯೆಯ ರಸಿಕರ ಮುಂದೆ ನಡೆಯುತ್ತಿದ್ದುದರಿಂದ ಇಂತಹುದಕ್ಕೆ ಚೇಂಬರ್ ಸಂಗೀತವೆಂಬ ಹೆಸರಾಯಿತು. ಇದರಲ್ಲಿ ನುಡಿಸುವುದರಷ್ಟೇ ಕೇಳುವುದೂ ಕಷ್ಟಸಾಧ್ಯವಾದ ವಿದ್ಯೆ.

1843ರಲ್ಲಿ ಯೋವಾಖಿಮನು ಲೈಪ್‌ಜಿಗ್ ನಗರಕ್ಕೆ ಬಂದು ಮೆಂಡೆಲ್ಸನನ ಆಶ್ರಯವನ್ನು ಪಡೆದನು. ಮೆಂಡೆಲ್ಸನನು ಹುಡುಗನನ್ನು ಪರೀಕ್ಷಿಸಿ, ಸಂಗೀತಶಾಲೆಗೆ ಸೇರಿಸಬೇಕಾದ ಅಗತ್ಯವಿಲ್ಲವೆಂದೂ, ಯೋಗ್ಯ ವಿದ್ವಾಂಸರಿಂದ ಪ್ರತ್ಯೇಕವಾಗಿ ಪಾಠವಾಗಲಿ, ಜೊತೆಗೆ ಸಾಹಿತ್ಯಾದಿ ವಿದ್ಯೆಗಳೂ ನಡೆಯಲಿ ಎಂದೂ ಗೊತ್ತುಪಡಿಸಿದನು. ಮರುವರ್ಷ ಮೇ 27ರಂದು ಲಂಡನ್ನಿನ ಫಿಲ್‌ಹಾರ್ಮೋನಿಕ್ ಸಂಘದ ಸಭೆಯಲ್ಲಿ, ಮೆಂಡೆಲ್ಸನನೇ ವಾದ್ಯವೃಂದವನ್ನು ನಡೆಸುತ್ತಿರಲು, ಹದಿಮೂರು ತುಂಬದ ಯೋವಾಖಿಮನು ಬೇಥೋವನನ ಪಿಟೀಲು ಕನ್ಸರ್ಟೋವನ್ನು ನುಡಿಸಿದನು. ಬಾಲವಾದಕರಿಗೆ ಅವಕಾಶವಿಲ್ಲವೆಂಬ ತನ್ನ ನಿಯಮವನ್ನು ಸಂಘವು ಈತನಿಗಾಗಿ ಸಡಿಲಿಸಿತು. ಜನರು ಬಹುಮಟ್ಟಿಗೆ ಮರೆತಿದ್ದ ಆ ಕೃತಿಗೆ ಅಂದಿನಿಂದ ಮರುಜೀವ ಬಂದಿತು.

1847ರಲ್ಲಿ ಮೆಂಡೆಲ್ಸನನು ಅಕಾಲಮರಣಕ್ಕೆ ತುತ್ತಾದನು. ಹದಿನಾರರ ಶಿಷ್ಯನಿಗೆ ಇದು ಪಿತೃವಿಯೋಗಕ್ಕೆ ಸಮಾನವಾದ ದುಃಖ. 1850ರಲ್ಲಿ ಈತನು ವೈಮಾರಿಗೆ ಹೋಗಿ ಲಿಸ್ಟನ ವಾದ್ಯವೃಂದದಲ್ಲಿ ಮುಖ್ಯ ಪಿಟೀಲುಗಾರನಾದನು. ಲಿಸ್ಟನು ಉದಾರಿ, ಆದರೆ ಅವನ ನೂತನಮಾರ್ಗವು ಈತನ ಮನಸ್ಸಿಗೆ ಹಿಡಿಸಲಿಲ್ಲ. 1853ರಲ್ಲಿ ಹ್ಯಾನೋವರಿನ ಅಂಧ ದೊರೆಯ ಆಸ್ಥಾನಕ್ಕೆ ಹೋದ ಮೇಲೆ, 1857ರಲ್ಲಿ ಈತನು ಲಿಸ್ಟನಿಗೆ ಪತ್ರ ಬರೆದು, ಅವನ ಕೃತಿಗಳು ತನಗೆ ಸಹ್ಯವಾಗವೆಂದು ಮುಚ್ಚುಮರೆಯಿಲ್ಲದೆ ತಿಳಿಸಿದನು. ಉಪಕಾರಿಯಾದ ಹಿರಿಯನೊಡನೆ ಕಪಟವಾಗಿ ನಡೆಯಲೊಲ್ಲದೆ ಮಾಡಿದ ಕಾರ್ಯವಿದು, ಕಠಿನವಾದರೂ ನಿಂದ್ಯವಲ್ಲ. 1860ರಲ್ಲಿ ಬ್ರಾಮ್ಸ್ ಮೊದಲಾದ ಮೂವರೊಡನೆ ಸೇರಿ ಆ ಪಂಥದ ವಿರುದ್ಧ ಹೊರಡಿಸಿದ ಪ್ರಕಟನೆಯಾದರೋ ನಾಲ್ಕೇ ಸಹಿಗಳೊಡನೆ ಬಯಲಾಗಿ ನಗೆಗೀಡಾಯಿತು. ಅದನ್ನು ಬರೆಯದಿದ್ದರೇ ಲೇಸಾಗಿತ್ತು.

ಬ್ರಾಮ್ಸನೊಡನೆ ಈತನ ಮೈತ್ರಿ ಬೆಳೆದುದು 1853ರಲ್ಲಿ. ಅಂದು ಅಜ್ಞಾತನಾಗಿದ್ದ ಆ ಇಪ್ಪತ್ತರ ತರುಣನ ಯೋಗ್ಯತೆಯನ್ನು ಮೊದಲು ಗುರುತಿಸಿ, ಶೂಮಾನನ ಬಳಿಗೆ ಹೋಗುವಂತೆ ಪ್ರೇರಿಸಿದವನು ಯೋವಾಖಿಮನೇ. ಬ್ರಾಮ್ಸನು ತನ್ನ ಪಿಟೀಲು ಕನ್ಸರ್ಟೋವನ್ನು ಈತನ ಸಲಹೆ ಪಡೆದು ರಚಿಸಿದನು. 1879ರ ಜನವರಿ 1ರಂದು ಲೈಪ್‌ಜಿಗ್‌ನಲ್ಲಿ ಈತನೇ ಅದನ್ನು ಮೊದಲು ನುಡಿಸಿದನು.

ಹ್ಯಾನೋವರಿನಲ್ಲಿ ನಡೆದ ಒಂದು ಸಂಗತಿಯು ಈತನ ಅಂತರಂಗವನ್ನು ತೋರುವುದರಿಂದ ಹೇಳಲೇಬೇಕು. 1855ರಲ್ಲಿ ಈತನು ಕ್ರೈಸ್ತಮತವನ್ನು ಸ್ವೀಕರಿಸಿದ್ದನು, ರಾಜದಂಪತಿಗಳೇ ಧರ್ಮಪಿತೃಗಳಾಗಿದ್ದರು. ಕೆಲವು ವರ್ಷಗಳ ಬಳಿಕ, ವಾದ್ಯವೃಂದದಲ್ಲಿದ್ದ ಯಾಕೋಬ್ ಗ್ರ್ಯೂನ್ ಎಂಬ ಪಿಟೀಲುಗಾರನಿಗೆ ಸಲ್ಲಬೇಕಾಗಿದ್ದ ಬಡತಿಯನ್ನು, ಅವನು ಯಹೂದ್ಯನೆಂಬ ಕಾರಣದಿಂದ ಅಧಿಕಾರಿಗಳು ನಿರಾಕರಿಸಿದರು. ಯೋವಾಖಿಮನು ಪದತ್ಯಾಗಪತ್ರವನ್ನು ಬರೆದನು. ತಾನು ಮತಾಂತರಗೊಂಡುದರಿಂದ ಪಡೆದ ಸುಖವನ್ನು, ಗೊಳ್ಳದವನೊಬ್ಬನು ಕಳೆದುಕೊಳ್ಳುತ್ತಿರುವಾಗ ಸುಮ್ಮನಿದ್ದರೆ, ಲಾಭಕ್ಕಾಗಿ ಮತ ಬಿಟ್ಟವನೆಂಬ ಭಾವನೆಯು ತನ್ನನ್ನೇ ಕಾಡುವುದೆಂಬುದು ಆ ಪತ್ರದ ಅಭಿಪ್ರಾಯ. ರಾಜಾಶ್ರಯದಲ್ಲಿದ್ದವರು ಇಷ್ಟು ನುಡಿಯುವುದು ಸಾಮಾನ್ಯವಲ್ಲ.

1866ರಲ್ಲಿ ಪ್ರಷ್ಯಾವು ಹ್ಯಾನೋವರನ್ನು ನುಂಗಿತು. ಎರಡು ವರ್ಷಗಳ ತರುವಾಯ ಯೋವಾಖಿಮನು ಬರ್ಲಿನ್ನಿಗೆ ಬಂದನು. 1869ರಲ್ಲಿ ಅಲ್ಲಿ ಸ್ಥಾಪಿತವಾದ ರಾಜಕೀಯ ಸಂಗೀತ ಮಹಾವಿದ್ಯಾಲಯಕ್ಕೆ ಮೊದಲ ನಿರ್ದೇಶಕನಾಗಿ ನಿಯಮಿತನಾದನು. ಅದೇ ವರ್ಷ ತನ್ನ ಹೆಸರಿನ ಕ್ವಾರ್ಟೆಟ್ಟನ್ನೂ ಕಟ್ಟಿದನು. ಇವೆರಡೂ ಕಾರ್ಯಗಳು ಮರಣಪರ್ಯಂತ ನಡೆದುವು. ಗೋಷ್ಠಿಯಲ್ಲಿ ಕಾಲಕ್ರಮದಿಂದ ಜನರು ಬದಲಾದರು. ವಯೋಲಾದಲ್ಲಿ ವಿರ್ಟ್, ಚೆಲ್ಲೋದಲ್ಲಿ ಹೌಸ್‌ಮಾನ್, ಎರಡನೆಯ ಪಿಟೀಲಿನಲ್ಲಿ ಹಾಲೀರ್ ಸೇರಿದ ಮೇಲಿನ ಮೇಳವು ಪ್ರಸಿದ್ಧವಾದುದು. ಹೈಡನ್, ಮೊಜಾರ್ಟ್, ಬೇಥೋವನರ ಕೃತಿಗಳೇ ಇವರ ನಿತ್ಯಪಾರಾಯಣ. ಬೇಥೋವನನ ಅಂತ್ಯಕಾಲದ ಕ್ವಾರ್ಟೆಟ್ಟುಗಳನ್ನು ಕಿವುಡನ ಪ್ರಲಾಪವೆಂದು ಬಗೆದಿದ್ದವರು ಅನೇಕರಿದ್ದರು. ಅವುಗಳ ಮೌಲ್ಯವನ್ನು ಜನರಿಗೆ ಮನಗಾಣಿಸಿದುದರಲ್ಲಿ ಈ ಗೋಷ್ಠಿಯ ಪಾಲು ಹಿರಿದು. ಪ್ರತಿವರ್ಷವೂ ಈತನು ಲಂಡನ್ನಿಗೆ ಹೋಗಿ, ಸೇಂಟ್ ಜೇಮ್ಸ್ ಭವನದ ಜನಪ್ರಿಯ ಕಚೇರಿಗಳಲ್ಲಿ ಪಿಯಾಟಿ ಮೊದಲಾದವರೊಡನೆ ನುಡಿಸುತ್ತಿದ್ದನು. ಅಲ್ಲಿ ಒಂದು ಶಿಲಿಂಗು ಕೊಟ್ಟ ಸಾಮಾನ್ಯನಿಗೂ ಪ್ರವೇಶವಿದ್ದಿತು. ದೊರೆಗಳ ಕೊಠಡಿಯ ಸಂಗೀತವು ಹೀಗೆ ಜನರದಾಯಿತು.

ಈತನ ಪಾಠಕ್ರಮದ ವಿಷಯದಲ್ಲಿ ನಿಷ್ಪಕ್ಷಪಾತವಾಗಿ ಹೇಳಬೇಕಾದುದುಂಟು. ಆವೆರ್, ಹುಬಾಯ್, ಹೂಬರ್‌ಮಾನ್, ಕ್ಲಿಂಗ್ಲರ್ ಮುಂತಾದವರು ಈತನಲ್ಲಿ ಕಲಿತವರು. ಮರೀ ಸೋಲ್ಡಾಟ್ ಎಂಬ ಶಿಷ್ಯೆಯು ಸ್ತ್ರೀಯರದೇ ಆದ ಕ್ವಾರ್ಟೆಟ್ಟನ್ನು ಸ್ಥಾಪಿಸಿದಳು. ಆದರೆ ಬೆರಳು, ಮಣಿಕಟ್ಟು, ಕಮಾನುಗಳ ಕ್ರಿಯೆಯನ್ನು ಬಿಡಿಸಿ ಹೇಳುವುದು ಯೋವಾಖಿಮನಿಗೆ ಒಗ್ಗಿದುದಲ್ಲ. ಶಿಷ್ಯನು ತಪ್ಪಿದೊಡನೆ ತಾನೇ ವಾದ್ಯವನ್ನೆತ್ತಿಕೊಂಡು ಆ ಭಾಗವನ್ನು ನುಡಿಸಿ, ಹೀಗಿರಬೇಕೆಂದು ಸೂಚಿಸುವನು. ಗ್ರಹಣಶಕ್ತಿಯುಳ್ಳವರು ಅದರಿಂದ ಬೆಳಕು ಕಂಡರು. ಉಳಿದವರು ಗುರುವಿನ ಮಣಿಕಟ್ಟಿನ ಭಂಗಿಯನ್ನು ಮಾತ್ರ ಅನುಕರಿಸಿ ಕೈಗೆ ಬಿಗಿತವನ್ನು ತಂದುಕೊಂಡರೆಂದು ಫ್ಲೆಶ್ ಮೊದಲಾದ ಮುಂದಿನ ಆಚಾರ್ಯರು ಆಕ್ಷೇಪಿಸಿದ್ದಾರೆ. ಆಕ್ಷೇಪವು ನಿರಾಧಾರವಲ್ಲ. ತನಗೆ ಸಹಜವಾಗಿ ಸಿದ್ಧಿಸಿದುದನ್ನು ಪರರಿಗೆ ಮೆಟ್ಟಿಲು ಕಟ್ಟಿ ತೋರಿಸುವುದು ಬೇರೆಯೇ ಒಂದು ಸಾಮರ್ಥ್ಯ. ಆ ಕೊರತೆಯನ್ನು ಸಹಾಯಕನಾದ ಮೋಸರನು ತುಂಬಿದನು; ಅವನೊಡನೆ ಸೇರಿ ಮೂರು ಸಂಪುಟಗಳ ಪಿಟೀಲು ಶಿಕ್ಷಣಗ್ರಂಥವನ್ನು ಯೋವಾಖಿಮನು ವೃದ್ಧಾಪ್ಯದಲ್ಲಿ ಹೊರತಂದನು.

ಗೃಹಸ್ಥಜೀವನದಲ್ಲಿ ಈತನಿಗೆ ಶಾಂತಿ ದೊರೆಯಲಿಲ್ಲ. 1863ರಲ್ಲಿ ಅಮಾಲಿಯೆ ಎಂಬ ಗಾಯಕಿಯನ್ನು ವರಿಸಿದ್ದನು, ಆಕೆ ಈತನಿಗಾಗಿ ನಾಟಕರಂಗವನ್ನೇ ತೊರೆದವಳು, ಆರು ಮಕ್ಕಳಾದರು. ಪ್ರಕಾಶಕನಾದ ಸಿಮ್ರಾಕನೊಡನೆ ಆಕೆಗೆ ಸಂಬಂಧವುಂಟೆಂಬ ಸಂಶಯವು ಈತನ ಮನಸ್ಸನ್ನು ಕೊರೆಯಿತು. ಬ್ರಾಮ್ಸನು ಆಕೆ ನಿರ್ದೋಷಿಯೆಂದು ನಂಬಿ, ಆಕೆಗೆ ಬರೆದ ಪತ್ರವು ನ್ಯಾಯಸ್ಥಾನದಲ್ಲಿ ಸಾಕ್ಷ್ಯವಾಯಿತು. 1884ರಲ್ಲಿ ವಿವಾಹವು ಮುರಿಯಿತು. ಮೂವತ್ತು ವರ್ಷಗಳ ಮೈತ್ರಿಯೂ ಮುರಿಯಿತು. ಸ್ವರಗಳ ಸೂಕ್ಷ್ಮಭೇದವನ್ನು ಅರಿತ ಕಿವಿಯು ಮನೆಯಲ್ಲಿ ಸಂಶಯದ ಮಾತಿಗೇ ಓಗೊಟ್ಟುದು ವಿಷಾದಕರ. ಆದರೂ ಬ್ರಾಮ್ಸನ ಕೃತಿಗಳನ್ನು ನುಡಿಸುವುದನ್ನು ಈತನು ಬಿಡಲಿಲ್ಲ. 1887ರಲ್ಲಿ ಬ್ರಾಮ್ಸನು ಪಿಟೀಲು ಮತ್ತು ಚೆಲ್ಲೋಗಳಿಗೆ ಜೋಡಿ ಕನ್ಸರ್ಟೋ ಒಂದನ್ನು ರಚಿಸಿ ಈತನಿಗೆ ಕಳುಹಿಸಿದನು. ಯೋವಾಖಿಮ್ ಹಾಗೂ ಹೌಸ್‌ಮಾನರು ಕಲೋನ್ ನಗರದಲ್ಲಿ ಅದನ್ನು ನುಡಿಸಿದರು. ಕೃತಿಕರ್ತನೇ ವಾದ್ಯವೃಂದವನ್ನು ನಡೆಸಿದನು. ಮಾತಿನಿಂದ ಆಗದ ಸಂಧಾನವು ಹೀಗಾಯಿತು.

1903ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಈತನ ವಾದನವನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಹಿಡಿದಿಟ್ಟರು. ಐದು ತುಣುಕುಗಳು ಉಳಿದಿವೆ. ಬಾಖನ ಏಕಾಕಿ ಪಿಟೀಲಿನ ಕೃತಿಭಾಗಗಳೂ ಅವುಗಳಲ್ಲಿವೆ. ಧ್ವನಿ ಕ್ಷೀಣ, ಕೈ ವೃದ್ಧನದು, ಆದರೆ ಕಂಪನದ ಅಲಂಕಾರವನ್ನು ಮಿತವಾಗಿ ಬಳಸಿ ಸ್ವರವನ್ನು ನೇರವಾಗಿ ನಿಲ್ಲಿಸುವ ಆ ಹಳೆಯ ಶೈಲಿಯನ್ನು ಇಂದಿಗೂ ಕೇಳಬಹುದು. 1907ನೆಯ ಇಸವಿ ಆಗಸ್ಟ್ 15ರಂದು ಬರ್ಲಿನ್ನಿನಲ್ಲಿ ಯೋವಾಖಿಮನು ದೇಹವನ್ನು ಬಿಟ್ಟನು.

ಕೊನೆಯ ದಿನಗಳಲ್ಲಿ ಗುರುವಿನ ಗೋಷ್ಠಿಯಲ್ಲಿ ವಯೋಲಾ ಹಿಡಿದಿದ್ದ ಶಿಷ್ಯ ಕಾರ್ಲ್ ಕ್ಲಿಂಗ್ಲರನು, ತನ್ನದೇ ಕ್ವಾರ್ಟೆಟ್ಟಿನಿಂದ ಆ ಸಂಪ್ರದಾಯವನ್ನು ಮುಂದುವರಿಸಿದನು. ನಾಟ್ಸಿಗಳ ಆಳ್ವಿಕೆಯಲ್ಲಿ, ಚೆಲ್ಲೋ ನುಡಿಸುತ್ತಿದ್ದ ಸಿಲ್ಬರ್‌ಸ್ಟೈನನು ಯಹೂದ್ಯನಾದುದರಿಂದ ಅವನನ್ನು ಬಿಡಬೇಕೆಂದು ಒತ್ತಾಯ ಬಂದಿತು. ಕ್ಲಿಂಗ್ಲರನು ಒಪ್ಪಲಿಲ್ಲ. 1936ರಲ್ಲಿ ಗೋಷ್ಠಿಯನ್ನೇ ವಿಸರ್ಜಿಸಿದನು.