ಬೇಂದ್ರೆ ಕಾಲೇಜಿನಿಂದ ತಂದದ್ದು ಪದವಿಯಷ್ಟೇ ಅಲ್ಲ, ಗೆಳೆತನ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗು ಕಾಲೇಜಿಗೆ ಹೊರಟಾಗ ಗಡಿಭಾಗದ ಮನೆಗಳಲ್ಲಿ ಒಂದೇ ಚಿಂತೆ. ಪಾಠ ತಿಳಿಯುತ್ತದೆಯೋ ಇಲ್ಲವೋ ಎಂಬುದು ಹೊರಗೆ ಹೇಳುವ ಮಾತು. ಒಳಗಿನ ಅಳುಕು ಬೇರೆ: ಅಲ್ಲಿ ನಮ್ಮ ಮಗುವಿನ ಜೊತೆ ಕೂರುವವರು ಯಾರು, ಊಟಕ್ಕೆ ಕರೆಯುವವರು ಯಾರು, ಬೇರೆ ಭಾಷೆಯ ಮಕ್ಕಳ ನಡುವೆ ಒಂಟಿಯಾಗಿಬಿಟ್ಟರೆ ಏನು ಗತಿ? ಇದೇ ಚಿಂತೆಯ ದಾರಿಯಲ್ಲಿ ನೂರು ವರ್ಷಕ್ಕೂ ಹಿಂದೆ ಧಾರವಾಡದ ಒಬ್ಬ ಹುಡುಗ ನಡೆದುಹೋಗಿದ್ದ. ಅವನ ಪದ್ಯಗಳನ್ನು ನಮ್ಮ ಮಕ್ಕಳು ಓದುತ್ತಾರೆ. ಅವನ ಕಾಲೇಜು ದಿನಗಳ ಕಥೆ ಮಾತ್ರ ಪಠ್ಯಪುಸ್ತಕದ ಕವಿ ಪರಿಚಯದಲ್ಲಿ ಬರುವುದಿಲ್ಲ.

ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಮನೆಮಾತು ಮರಾಠಿ, ಓಣಿಯ ಮಾತು ಕನ್ನಡ. ಎರಡು ಭಾಷೆಗಳ ನಡುವೆ ಬೆಳೆಯುವುದು ಏನೆಂದು ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಮನೆಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೇಂದ್ರೆ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿ ಅಂಬಿಕೆಯ ಆಸರೆಯಲ್ಲಿ ಬೆಳೆದ ಮಗ ಮುಂದೆ ಅಂಬಿಕಾತನಯದತ್ತ ಎಂಬ ಕಾವ್ಯನಾಮದಲ್ಲಿ ಆ ಹೆಸರನ್ನು ಕೊನೆಯವರೆಗೂ ಹೊತ್ತ.

1913ರಲ್ಲಿ ಬೇಂದ್ರೆ ಮೆಟ್ರಿಕ್ ಮುಗಿಸಿದರು. ಮುಂದೆ ಓದಬೇಕೆಂದರೆ ಧಾರವಾಡದಲ್ಲಿ ಕಾಲೇಜೇ ಇರಲಿಲ್ಲ. ಆಗ ಧಾರವಾಡ, ಬೆಳಗಾವಿ, ವಿಜಾಪುರದ ಸೀಮೆಯೆಲ್ಲ ಮುಂಬಯಿ ಪ್ರಾಂತದಲ್ಲಿತ್ತು. ಪದವಿ ಬೇಕಾದ ಕನ್ನಡದ ಹುಡುಗ ಪುಣೆಗೋ ಮುಂಬಯಿಗೋ ಹೋಗಲೇಬೇಕಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅಷ್ಟರಲ್ಲಿ ಬೇಂದ್ರೆಯವರ ಪದವಿ ಓದು ಮುಗಿಯುತ್ತ ಬಂದಿತ್ತು. ಹೀಗಾಗಿ ಅವರು ಸೇರಿದ್ದು ಪುಣೆಯ ಫರ್ಗ್ಯುಸನ್ ಕಾಲೇಜನ್ನು.

ಅದು ಸಾಮಾನ್ಯ ಕಾಲೇಜಲ್ಲ. ಟಿಳಕ, ಆಗರಕರ ಮೊದಲಾದವರು ಕಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿ 1885ರಲ್ಲಿ ಅದನ್ನು ಆರಂಭಿಸಿತ್ತು. ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಹೆಸರು ಮಾಡಿ ಬಂದ ರ‍್ಯಾಂಗ್ಲರ್ ಪರಾಂಜಪೆ ಅಲ್ಲಿ ಪ್ರಾಂಶುಪಾಲರಾಗಿದ್ದರು. ಹೊರಗೆ ಪುಣೆ ನಗರ ಕುದಿಯುತ್ತಿತ್ತು. ಮಂಡಾಲೆಯ ಸೆರೆಯಿಂದ ಟಿಳಕರು 1914ರಲ್ಲಿ ಮರಳಿದ್ದರು. ಗೋಖಲೆ 1915ರಲ್ಲಿ ಅಲ್ಲೇ ತೀರಿಕೊಂಡರು. ಪಾಠ ಇಂಗ್ಲಿಷಿನಲ್ಲಿ, ಪೇಟೆಯ ಮಾತು ಮರಾಠಿಯಲ್ಲಿ, ಸಭೆ, ಪತ್ರಿಕೆ, ನಾಟಕ ಎಲ್ಲವೂ ಮರಾಠಿಯಲ್ಲಿ. ಮನೆಯಲ್ಲೇ ಮರಾಠಿ ಕಲಿತ ಹುಡುಗನಿಗೆ ಆ ನೀರಿನಲ್ಲಿ ಕರಗಿಹೋಗುವುದು ಬಹಳ ಸುಲಭವಿತ್ತು. ಮರಾಠಿಯಲ್ಲೇ ಬರೆದು ದೊಡ್ಡವನಾಗಿದ್ದರೂ ಯಾರೂ ಅಚ್ಚರಿಪಡುತ್ತಿರಲಿಲ್ಲ.

ಹಾಗಾಗಲಿಲ್ಲ. ಕಾರಣ ಹುಡುಕಿದರೆ ಸಿಗುವುದು ತರಗತಿಯಲ್ಲಲ್ಲ, ತರಗತಿ ಬಿಟ್ಟ ಮೇಲಿನ ಹೊತ್ತಿನಲ್ಲಿ. ಬೇಂದ್ರೆಯವರಂತೆಯೇ ಕನ್ನಡ ನಾಡಿನಿಂದ ಓದಲು ಬಂದ ಹುಡುಗರು ಪುಣೆಯಲ್ಲಿದ್ದರು. ಅವರೆಲ್ಲ ಸೇರಿ ಶಾರದಾ ಮಂಡಲವೆಂಬ ಒಂದು ಕೂಟ ಕಟ್ಟಿಕೊಂಡರು. ಪರವೂರಿನಲ್ಲಿ ತಮ್ಮ ಭಾಷೆಯಲ್ಲಿ ಸಾಹಿತ್ಯದ ಮಾತು ಆಡಲು ಅವರಿಗೆ ಒಂದು ಜಾಗ ಸಿಕ್ಕಿತು. ಹೀಗೆ ಕೂಡಿದ ಹುಡುಗರಿಗೆ ಬೆನ್ನ ಹಿಂದೆ ಒಬ್ಬ ಹಿರಿಯರೂ ಇದ್ದರು. ಫರ್ಗ್ಯುಸನ್ನಿನಲ್ಲಿ ತತ್ವಶಾಸ್ತ್ರ ಹೇಳುತ್ತಿದ್ದ ರಾ. ದ. ರಾನಡೆ ಜಮಖಂಡಿಯಲ್ಲಿ ಹುಟ್ಟಿದವರು. ಮುಂದೆ ನಿಂಬಾಳದ ಗುರುದೇವ ರಾನಡೆ ಎಂದು ಹೆಸರಾದವರು ಇವರೇ. ಮರಾಠಿ ಮತ್ತು ಕನ್ನಡ ಎರಡೂ ಸಂತ ಪರಂಪರೆಗಳನ್ನು ಒಂದೇ ಗೌರವದಿಂದ ಕಂಡ ಪ್ರಾಧ್ಯಾಪಕರ ಒಡನಾಟ ಆ ವಯಸ್ಸಿನ ಹುಡುಗನಿಗೆ ಕಲಿಸಿದ ಪಾಠ ದೊಡ್ಡದು: ಒಂದು ಭಾಷೆಯನ್ನು ಪ್ರೀತಿಸಲು ಇನ್ನೊಂದನ್ನು ದೂರವಿಡಬೇಕಾಗಿಲ್ಲ.

ಬೇಂದ್ರೆ ಇದನ್ನು ಬದುಕಿನುದ್ದಕ್ಕೂ ಪಾಲಿಸಿದರು. ಕನ್ನಡದ ಕವಿಯಾದರೂ ಮರಾಠಿಯಲ್ಲೂ ಬರೆದರು, ಮರಾಠಿ ಲೇಖಕರ ಸ್ನೇಹವನ್ನೂ ಉಳಿಸಿಕೊಂಡರು.

1918ರಲ್ಲಿ ಬಿ.ಎ. ಮುಗಿಸಿ ಧಾರವಾಡಕ್ಕೆ ಮರಳಿದ ಬೇಂದ್ರೆ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮಾಸ್ತರರಾದರು. ಮರುವರ್ಷ ಲಕ್ಷ್ಮೀಬಾಯಿಯವರೊಡನೆ ಮದುವೆಯಾಯಿತು. ಸಾಮಾನ್ಯವಾಗಿ ಕಾಲೇಜಿನ ಗೆಳೆತನ ಇಲ್ಲಿಗೆ ಮುಗಿಯುತ್ತದೆ. ನೌಕರಿ, ಸಂಸಾರ, ಆಗೊಮ್ಮೆ ಈಗೊಮ್ಮೆ ಒಂದು ಕಾಗದ. ಬೇಂದ್ರೆಯವರ ವಿಷಯದಲ್ಲಿ ನಡೆದದ್ದೇ ಬೇರೆ. ಪುಣೆಯಲ್ಲಿ ಕಲಿತ ಕೂಡಿ ಕುಳಿತುಕೊಳ್ಳುವ ರೂಢಿಯನ್ನು ಅವರು ಧಾರವಾಡಕ್ಕೆ ತಂದರು. 1922ರ ಹೊತ್ತಿಗೆ ಅಲ್ಲಿ ಗೆಳೆಯರ ಗುಂಪು ಹುಟ್ಟಿಕೊಂಡಿತು.

ಈ ಗುಂಪಿನ ವಿಶೇಷವನ್ನು ಪಾಲಕರು ಗಮನಿಸಬೇಕು. ಅದಕ್ಕೆ ಸೇರಲು ಪದವಿ ಬೇಕಿರಲಿಲ್ಲ. ಅಲ್ಲಿ ಕಾಲೇಜು ಓದುವ ಹುಡುಗರಿದ್ದರು, ಕಾಲೇಜಿನ ಮೆಟ್ಟಿಲು ಹತ್ತದವರೂ ಇದ್ದರು. ಶಂ. ಬಾ. ಜೋಶಿ ಶಾಲಾ ಮಾಸ್ತರರು. ಕಾಲೇಜು ಕಾಣದೆ ಸ್ವಂತ ಓದಿನಿಂದಲೇ ನಾಡಿನ ಸಂಸ್ಕೃತಿಯ ದೊಡ್ಡ ಸಂಶೋಧಕರಾದರು. ಆನಂದಕಂದ ಎಂಬ ಹೆಸರಿನಿಂದ ಬರೆದ ಬೆಟಗೇರಿ ಕೃಷ್ಣಶರ್ಮರು ಹಳ್ಳಿಯ ಬದುಕನ್ನು ಕಥೆ, ಹಾಡುಗಳಿಗೆ ತಂದರು. ವಿಜಾಪುರ ಜಿಲ್ಲೆಯ ಗಡಿಯ ಹಳ್ಳಿ ಹಲಸಂಗಿಯ ಮಧುರಚೆನ್ನರು ಬೇಂದ್ರೆಯವರ ಆಪ್ತರಾದರು. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗಳನ್ನು ಕೂಡಿಸಿ 'ಗರತಿಯ ಹಾಡು' ಪುಸ್ತಕ ತಂದರು. ಪದವೀಧರ ಬೇಂದ್ರೆ ಇವರಿಗೆ ಕಲಿಸಿದ್ದೆಷ್ಟೋ, ಇವರಿಂದ ಕಲಿತದ್ದೂ ಅಷ್ಟೇ. ಬೇಂದ್ರೆ ಕಾವ್ಯದಲ್ಲಿ ಕೇಳುವ ಬೀಸುಕಲ್ಲಿನ ಲಯ, ಲಾವಣಿಯ ಧಾಟಿ ಯಾವ ಕಾಲೇಜಿನ ಪಠ್ಯದಲ್ಲೂ ಇರಲಿಲ್ಲ.

ಅದೇ ಕಾಲಕ್ಕೆ ಹೊಸದಾಗಿ ಆರಂಭವಾಗಿದ್ದ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗಳು ಬೇಂದ್ರೆಯವರ ಬಳಿ ಬರತೊಡಗಿದರು. ಬೇಂದ್ರೆ ಆ ಕಾಲೇಜಿನ ಪ್ರಾಧ್ಯಾಪಕರಲ್ಲ, ಹೈಸ್ಕೂಲು ಮಾಸ್ತರ. ಆದರೂ ಪಾಠ ಮುಗಿಸಿ ಹುಡುಗರು ಬರುತ್ತಿದ್ದದ್ದು ಅವರತ್ತ. ಅವರಲ್ಲಿ ಒಬ್ಬರು ಸವಣೂರಿನ ವಿ. ಕೃ. ಗೋಕಾಕ. ಬೇಂದ್ರೆಯವರಿಗಿಂತ ಹದಿಮೂರು ವರ್ಷ ಚಿಕ್ಕವರು. ಇಂಗ್ಲಿಷ್ ಸಾಹಿತ್ಯದಲ್ಲಿ ಜಾಣ, ಕವಿತೆ ಬರೆಯುತ್ತಿದ್ದದ್ದೂ ಇಂಗ್ಲಿಷಿನಲ್ಲಿ. ಬೇಂದ್ರೆಯವರ ಸಹವಾಸ ಅವರನ್ನು ಕನ್ನಡದ ಕಡೆಗೆ ತಿರುಗಿಸಿತು. ಅವರ ಇಂಗ್ಲಿಷ್ ಇದರಿಂದ ಕುಗ್ಗಲಿಲ್ಲ. ಗೋಕಾಕರು 1931ರಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದ್ದು ಬೇಂದ್ರೆ ಓದಿದ ಅದೇ ಫರ್ಗ್ಯುಸನ್ ಕಾಲೇಜಿಗೆ. ಅಲ್ಲಿಂದ ಆಕ್ಸ್‌ಫರ್ಡಿಗೆ ಹೋಗಿ ಪ್ರಥಮ ದರ್ಜೆಯಲ್ಲಿ ಪಾಸಾಗಿ ಬಂದರು. 1938ರಲ್ಲಿ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನ ಪ್ರಾಂಶುಪಾಲರಾದರು. ಗುಂಪಿನ ಇನ್ನೊಬ್ಬರಾದ ರಂ. ಶ್ರೀ. ಮುಗಳಿಯವರೂ ಸಾಂಗಲಿಯ ಆ ಕಾಲೇಜಿನಲ್ಲೇ ಕನ್ನಡ ಕಲಿಸಿದರು, ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. ಧಾರವಾಡದ ಗೆಳೆತನ ಹೀಗೆ ಗಡಿ ದಾಟಿ ಹೋಯಿತು.

ಗುಂಪು ಎಂದರೆ ಕೂತು ಹರಟುವವರ ಕೂಟ ಎಂದು ಹಲವರು ತಿಳಿಯುತ್ತಾರೆ. ಹರಟೆ ಇತ್ತು, ಇಲ್ಲವೆಂದಲ್ಲ. ಅದರೊಟ್ಟಿಗೆ ಪತ್ರಿಕೆಯ ಕೆಲಸವಿತ್ತು, ಪುಸ್ತಕ ಪ್ರಕಟಣೆಯಿತ್ತು, ಒಬ್ಬರು ಬರೆದದ್ದನ್ನು ಮತ್ತೊಬ್ಬರು ಓದಿ ತಿದ್ದುವುದಿತ್ತು. ನವರಾತ್ರಿಯಲ್ಲಿ ನಾಡಹಬ್ಬ ಆಚರಿಸುವ ರೂಢಿಯನ್ನು ಉತ್ತರ ಕರ್ನಾಟಕದಲ್ಲಿ ಬೆಳೆಸಿದ್ದರಲ್ಲಿ ಈ ಗೆಳೆಯರ ಪಾಲು ದೊಡ್ಡದು. 1929ರಲ್ಲಿ ಬೆಳಗಾವಿಯಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಬೇಂದ್ರೆ ಅಲ್ಲಿ 'ಹಕ್ಕಿ ಹಾರುತಿದೆ ನೋಡಿದಿರಾ' ಕವಿತೆಯನ್ನು ಓದಿದರು. ಧಾರವಾಡದ ಮಾಸ್ತರ ಇಡೀ ಕನ್ನಡ ನಾಡಿನ ಕವಿಯಾದದ್ದು ಆಗ.

ಇಲ್ಲಿಯವರೆಗಿನದು ಸುಖದ ಕಥೆ. ಮುಂದೆ ಕಷ್ಟ ಬಂತು. 1932ರಲ್ಲಿ 'ಗರಿ' ಸಂಕಲನ ಹೊರಬಂದ ವರ್ಷವೇ 'ನರಬಲಿ' ಕವಿತೆಗಾಗಿ ಸರಕಾರ ಬೇಂದ್ರೆಯವರನ್ನು ಸೆರೆಗೆ ಹಾಕಿತು. ಹಿಂಡಲಗಾ ಜೈಲು, ಆಮೇಲೆ ಧಾರವಾಡದ ಹತ್ತಿರದ ಮುಗದದಲ್ಲಿ ಸ್ಥಾನಬದ್ಧತೆ. ಸರಕಾರದ ಕಣ್ಣಿಗೆ ಬಿದ್ದ ಮಾಸ್ತರನಿಗೆ ಕೆಲಸ ಸಿಗುವುದು ಕಷ್ಟವಾಯಿತು. ಹೆಂಡತಿ, ಮಕ್ಕಳ ಸಂಸಾರ, ನಿಲುಗಡೆಯಿಲ್ಲದ ಆದಾಯ. ಗೆಳೆಯರ ಗುಂಪೂ ಮೊದಲಿನಂತೆ ಉಳಿಯಲಿಲ್ಲ. ನೌಕರಿಗಾಗಿ ಒಬ್ಬೊಬ್ಬರು ಒಂದೊಂದು ಊರಿಗೆ ಹೋದರು. ಗೆಳೆತನದಿಂದ ಎಲ್ಲ ತಾಪತ್ರಯ ತೀರುತ್ತದೆ ಎಂದರೆ ಅದು ಸುಳ್ಳಾಗುತ್ತದೆ, ಬೇಂದ್ರೆಯವರ ತಾಪತ್ರಯವೂ ತೀರಲಿಲ್ಲ. ಆದರೆ ಓದು ನಿಲ್ಲಲಿಲ್ಲ, ಬರೆಹವೂ ನಿಲ್ಲಲಿಲ್ಲ. 1935ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಎಂ.ಎ. ಪಾಸು ಮಾಡಿದರು. ಬಿ.ಎ. ಆದ ಹದಿನೇಳು ವರ್ಷಗಳ ಮೇಲೆ! ಒಂದು ವರ್ಷ ಹಿಂದೆ ಬಿದ್ದ ಮಗನ ಬಗ್ಗೆ ಕೊರಗುವ ಮನೆಗಳು ಈ ಲೆಕ್ಕವನ್ನು ನೆನಪಿಡಬಹುದು.

1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯ ಗೌರವ ಬಂತು. ಅದರ ಮರುವರ್ಷ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರ ಕೆಲಸ ಸಿಕ್ಕಿತು. ಆಗ ಬೇಂದ್ರೆಯವರಿಗೆ ನಲವತ್ತೆಂಟು ವರ್ಷ. ಮೂವತ್ತು ವರ್ಷ ಹಿಂದೆ ಮರಾಠಿ ಊರಿನ ಕಾಲೇಜಿಗೆ ವಿದ್ಯಾರ್ಥಿಯಾಗಿ ಹೋದವರು ಈಗ ಮತ್ತೊಂದು ಮರಾಠಿ ಊರಿನ ಕಾಲೇಜಿಗೆ ಮಾಸ್ತರರಾಗಿ ಬಂದರು. 1956ರವರೆಗೆ, ಹನ್ನೆರಡು ವರ್ಷ ಅಲ್ಲಿ ಕಲಿಸಿದರು. ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಓಣಿಯಲ್ಲಿ ಕೇಳಿಸುವ ಸೊಲ್ಲಾಪುರ, ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಆಡಿ ಬೆಳೆದ ಬೇಂದ್ರೆಯವರಿಗೆ ಪರಕೀಯವೆನಿಸುವ ಊರಲ್ಲ. ಸುತ್ತಲ ಹಳ್ಳಿಗಳಿಂದ ಬಂದು ಕನ್ನಡ ಆರಿಸಿಕೊಂಡ ಹುಡುಗರಿಗೆ ನಾಡಿನ ಶ್ರೇಷ್ಠ ಕವಿಯೇ ತರಗತಿಯಲ್ಲಿ ನಿಂತು ಪಾಠ ಹೇಳುವ ಭಾಗ್ಯ ದೊರೆಯಿತು. ರಾಜ್ಯಗಳು ಭಾಷೆಯ ಮೇಲೆ ಮರುವಿಂಗಡಣೆಯಾದ 1956ರಲ್ಲೇ ಅವರು ನಿವೃತ್ತರಾದದ್ದು. ಕವಿ ಧಾರವಾಡಕ್ಕೆ ಮರಳಿ ಆಕಾಶವಾಣಿಯ ಸಲಹೆಗಾರರಾದರು, ಸೊಲ್ಲಾಪುರ ಗಡಿಯ ಆಚೆಗೆ ಉಳಿಯಿತು.

ಆಮೇಲಿನದು ಪಠ್ಯಪುಸ್ತಕದಲ್ಲಿರುವ ಸಂಗತಿ. 'ಅರಳು ಮರಳು' ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1968ರಲ್ಲಿ ಪದ್ಮಶ್ರೀ, 'ನಾಕು ತಂತಿ'ಗೆ 1973ರ ಜ್ಞಾನಪೀಠ. 1981ರ ಅಕ್ಟೋಬರ್ 26ರಂದು ಬೇಂದ್ರೆ ತೀರಿಕೊಂಡರು. ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದ ಗೋಕಾಕರಿಗೂ ಮುಂದೆ ಜ್ಞಾನಪೀಠ ಬಂತು. ಕಾಲೇಜು ಕಾಣದ ಶಂ. ಬಾ. ಜೋಶಿಯವರಿಗೆ, ಸಾಂಗಲಿಯಲ್ಲಿ ಕಲಿಸಿದ ಮುಗಳಿಯವರಿಗೆ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ಗುಂಪಿನಲ್ಲಿ ಕೂತೆದ್ದವರು ಇವರು.

ಎಲ್ಲ ಮಕ್ಕಳೂ ಬೇಂದ್ರೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಕನ್ನಡ ಶಾಲೆಯಿಂದ ಹೊರಟ ನಮ್ಮ ಮಗು ಸಾಂಗಲಿಗೆ ಹೋಗಲಿ, ಮಂಗಳೂರಿಗೆ ಹೋಗಲಿ, ಕೊಯಮತ್ತೂರು, ಅನಂತಪುರ, ಹೈದರಾಬಾದಿಗೆ ಹೋಗಲಿ, ಮೊದಲ ಕೆಲವು ತಿಂಗಳು ಅದು ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕೂರುವ ಸಂಭವ ಹೆಚ್ಚು. ಫೋನಿನಲ್ಲಿ ನಾವು ಕೇಳುವುದು ಪಾಠ ಮತ್ತು ಅಂಕದ ಸುದ್ದಿಯನ್ನೇ. ಊಟಕ್ಕೆ ಯಾರ ಜೊತೆ ಹೋಗಿದ್ದೆ, ಸಂಜೆ ಯಾರ ಜೊತೆ ಕೂತಿದ್ದೆ ಎಂದೂ ಕೇಳೋಣ. ತನ್ನ ಭಾಷೆಯ ನಾಲ್ವರು ಜೊತೆಗಿದ್ದರೆ ಧೈರ್ಯ ಬರುತ್ತದೆ. ಆ ಊರಿನ ಭಾಷೆಯ ನಾಲ್ವರೂ ಜೊತೆಯಾದರೆ ಲೋಕ ದೊಡ್ಡದಾಗುತ್ತದೆ. ಕಾಲೇಜಿನಲ್ಲಿ ಕನ್ನಡ ಸಂಘವಿದ್ದರೆ ಸೇರಲಿ, ಇಲ್ಲದಿದ್ದರೆ ನಾಲ್ವರು ಕೂಡಿ ಕಟ್ಟಿಕೊಳ್ಳಲಿ. ಅದು ಓದಿನ ಹೊತ್ತು ತಿನ್ನುತ್ತದೆ ಎಂದು ಬೈಯುವ ಮೊದಲು ಪುಣೆಯ ಆ ಹುಡುಗರನ್ನು ಒಮ್ಮೆ ನೆನೆಯೋಣ.