ಕಾರ್ಲ್ ಫ್ರೀಡ್ರಿಕ್ ಮೋರ್

ಕಾರ್ಲ್ ಫ್ರೀಡ್ರಿಕ್ ಮೋರ್ (4 ನವೆಂಬರ್ 1806 – 28 ಸೆಪ್ಟೆಂಬರ್ 1879) ಜರ್ಮನಿಯ ರಸಾಯನವಿಜ್ಞಾನಿ. ಕೊಬ್ಲೆಂಜ್‌ನ ಔಷಧ ವ್ಯಾಪಾರಿಯೊಬ್ಬನ ಮಗ. ಶಾಖವು ವಸ್ತುವಲ್ಲ, ಚಲನೆಯ ರೂಪ ಎಂದು ಪ್ರತಿಪಾದಿಸಿ 1837ರಲ್ಲಿ ಈತ ಬರೆದ ಪ್ರಬಂಧವನ್ನು ಪೊಗೆನ್‌ಡಾರ್ಫ್ ತನ್ನ ಪತ್ರಿಕೆಗೆ ಸ್ವೀಕರಿಸಲಿಲ್ಲ. ವಿಯೆನ್ನಾದಲ್ಲಿ ಅಚ್ಚಾದರೂ ಅದು ಬಹುಕಾಲ ಯಾರ ಗಮನಕ್ಕೂ ಬರಲಿಲ್ಲ. ಶಕ್ತಿ ಸಂರಕ್ಷಣೆಯ ಕೀರ್ತಿ ಮುಂದೆ ಮಾಯರ್ ಮೊದಲಾದವರಿಗೆ ಸಂದಿತು.

ಮೋರ್‌ನ ಹೆಸರು ಉಳಿದದ್ದು ಅನುಮಾಪನದಿಂದ. ಕ್ಲೋರೈಡ್ ಎಂಬ ಋಣ ಅಯಾನನ್ನು ಅಳೆಯುವ ಈತನ 1856ರ ವಿಧಾನ ಸರಳವಾದುದು. ತಟಸ್ಥ ದ್ರಾವಣಕ್ಕೆ ತುಸು ಪೊಟ್ಯಾಸಿಯಂ ಕ್ರೋಮೇಟ್ ಬೆರೆಸಿ, ಬ್ಯೂರೆಟ್ಟಿನಿಂದ ಸಿಲ್ವರ್ ನೈಟ್ರೇಟ್ ಹನಿಸಬೇಕು. ಕ್ಲೋರೈಡ್ ಬಿಳಿ ಗಷ್ಟಾಗಿ ಬೇರ್ಪಟ್ಟು ಮುಗಿದೊಡನೆ ಸಿಲ್ವರ್ ಕ್ರೋಮೇಟಿನ ಇಟ್ಟಿಗೆಗೆಂಪು ಮೂಡುತ್ತದೆ. ಬಾವಿನೀರಿನ ಉಪ್ಪನ್ನು ಅಳೆಯಲು ಇದು ಇಂದಿಗೂ ಬಳಕೆಯಲ್ಲಿದೆ.

ಆಸ್ತಿ ಕಳೆದುಕೊಂಡ ಮೋರ್ ಇಳಿವಯಸ್ಸಿನಲ್ಲಿ ಬಾನ್ ವಿಶ್ವವಿದ್ಯಾಲಯದ ಬೋಧಕನಾಗಿ, 1867ರಲ್ಲಿ ಪ್ರಾಧ್ಯಾಪಕನಾದ. ಕರ್ನಾಟಕದ ಪಿಯುಸಿ ಪ್ರಯೋಗಾಲಯಗಳಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್‌ನೊಂದಿಗೆ ಅನುಮಾಪನ ಮಾಡುವ ಮೋರ್ ಲವಣಕ್ಕೂ ಈತನದೇ ಹೆಸರು.