ಸಿಡ್ನಿ ರಿಂಗರ್

ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕದಲ್ಲಿ ತೂಗುಹಾಕಿದ ಸಲೈನಿನ ಸೀಸೆಯ ಮೇಲೆ ‘ರಿಂಗರ್’ ಎಂಬ ಹೆಸರನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಆ ಹೆಸರಿನ ಮಹನೀಯನ ಜೀವನವು ವಿಜ್ಞಾನ ಓದುವವರಿಗೆ ಮಾತ್ರವಲ್ಲ, ನಮ್ಮಂಥ ಕಲಾ ವಿದ್ಯಾರ್ಥಿಗಳಿಗೂ ಮನನೀಯವೆಂದು ನನ್ನ ನಂಬಿಕೆ.

ರಿಂಗರನು ಇಂಗ್ಲೆಂಡಿನ ನಾರ್ವಿಚ್ ನಗರದಲ್ಲಿ ಜನಿಸಿದನು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, ಅದರ ಆಸ್ಪತ್ರೆಯಲ್ಲಿಯೇ ಆಯುಷ್ಯವನ್ನು ಸವೆಸಿದನು. 1869ರಲ್ಲಿ ಪ್ರಕಟವಾದ ಈತನ ಚಿಕಿತ್ಸಾಗ್ರಂಥವು ಹಲವು ಮುದ್ರಣಗಳನ್ನು ಕಂಡಿತು. ರೋಗಿಗಳನ್ನು ನೋಡುವ ಕೆಲಸದ ನಡುವೆ ದೊರೆತ ಬಿಡುವೆಲ್ಲ ಪ್ರಯೋಗಶಾಲೆಗೆ ಮೀಸಲು.

ದೇಹದಿಂದ ಬೇರ್ಪಡಿಸಿದ ಕಪ್ಪೆಯ ಹೃದಯವು ಉಪ್ಪುನೀರಿನ ದ್ರಾವಣದಲ್ಲಿ ಮಿಡಿಯುವ ಬಗೆಯನ್ನು ಕುರಿತು ಈತ 1882ರಲ್ಲಿ ಲೇಖನ ಬರೆದನು. ಆದರೆ ಆ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಿಂದಲ್ಲ, ಕೊಳಾಯಿ ನೀರಿನಿಂದ ಮಾಡಲಾಗಿತ್ತೆಂದು ಆಮೇಲೆ ತಿಳಿಯಿತು. ಶುದ್ಧಜಲವನ್ನು ಬಳಸಿದಾಗ ಹೃದಯದ ಮಿಡಿತ ಕುಂದಿ ನಿಂತುಹೋಯಿತು. ಸುಣ್ಣದ ಅಂಶವನ್ನು, ಎಂದರೆ ಕ್ಯಾಲ್ಸಿಯಮನ್ನು, ಬೆರೆಸಲು ಮತ್ತೆ ಮಿಡಿಯಿತು! ಹೆಸರಾಂತ ವೈದ್ಯನೊಬ್ಬನು ತಾನು ಬರೆದುದನ್ನು ತಾನೇ ಅಲ್ಲಗಳೆಯುವುದು ಸುಲಭವೇ? ರಿಂಗರನು 1883ರಲ್ಲಿ ಅದೇ ಪತ್ರಿಕೆಯಲ್ಲಿ ನಡೆದುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ತನ್ನ ತೀರ್ಮಾನವನ್ನು ತಿದ್ದಿದನು. 1885ರಲ್ಲಿ ರಾಯಲ್ ಸೊಸೈಟಿಯು ಈತನನ್ನು ಸದಸ್ಯನನ್ನಾಗಿ ಆರಿಸಿತು.

ಈ ಬೀಜವು ಮುಂದೆ ಮರವಾಯಿತು. ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿ ಸ್ನಾಯುವನ್ನು ನೇರವಾಗಿ ಕೆರಳಿಸಿದರೆ ಅದು ಸಂಕುಚಿಸುತ್ತದೆ, ನರದ ಮೂಲಕ ಕೆರಳಿಸಿದರೆ ಸಂಕುಚಿಸದು ಎಂದು 1894ರಲ್ಲಿ ಲಾಕ್ ಎಂಬಾತನು ಕಂಡನು. ಇದರ ಗುಟ್ಟನ್ನು 1960ರ ದಶಕದಲ್ಲಿ ಬಿಡಿಸಿದವರು ರಿಂಗರನ ಕಾಲೇಜಿನಲ್ಲಿಯೇ ದುಡಿಯುತ್ತಿದ್ದ ಬರ್ನಾರ್ಡ್ ಕಾಟ್ಸ್ ಮತ್ತು ರಿಕಾರ್ಡೊ ಮಿಲೇಡಿ. ವಿದ್ಯುತ್ ಪ್ರೇರಣೆಯು ನರದ ತುದಿಯನ್ನು ಮುಟ್ಟಿದಾಗ ಹೊರಗಿನ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಒಡನೆಯೇ ಅಲ್ಲಿನ ಸೂಕ್ಷ್ಮ ಚೀಲಗಳು ಪೊರೆಯೊಡನೆ ಬೆರೆತು ತಮ್ಮಲ್ಲಿರುವ ರಾಸಾಯನಿಕ ದ್ರವ್ಯವನ್ನು ಹೊರಚೆಲ್ಲುತ್ತವೆ. ಆ ದ್ರವ್ಯವೇ ಸ್ನಾಯುವಿಗೆ ನರದ ಆಜ್ಞೆಯನ್ನು ಮುಟ್ಟಿಸುವ ದೂತ. ನಾವು ಲೇಖನಿ ಹಿಡಿಯುವುದೂ ಉಸಿರೆಳೆಯುವುದೂ ಇದರಿಂದಲೇ.

ರಿಂಗರನ ಬಾಳಿನಲ್ಲಿ ದುಃಖಕ್ಕೆ ಕೊರತೆಯಿರಲಿಲ್ಲ. ಎಳೆಯ ಮಗಳೊಬ್ಬಳು ತೀರಿಕೊಂಡಳು. ಆಕೆಯ ನೆನಪಿಗಾಗಿ ಯಾರ್ಕ್‌ಷೈರಿನ ಲಾಸ್ಟಿಂಗ್‌ಹ್ಯಾಮ್ ಗ್ರಾಮದ ಪ್ರಾಚೀನ ಇಗರ್ಜಿಯನ್ನು ತನ್ನ ಹಣದಿಂದ ಜೀರ್ಣೋದ್ಧಾರ ಮಾಡಿಸಿದನು. 1910ರಲ್ಲಿ ಅದೇ ಗ್ರಾಮದಲ್ಲಿ ಕಣ್ಮುಚ್ಚಿದನು.

ಜಾಣರು ಲೋಕದಲ್ಲಿ ಬಹುಮಂದಿ. ತನ್ನ ತಪ್ಪನ್ನು ತಾನೇ ಸಾರಿ, ಅದರಿಂದಲೇ ಸತ್ಯವನ್ನು ಹೆಕ್ಕಿ ತೆಗೆಯುವ ಧೀರರು ವಿರಳ. ರಿಂಗರನನ್ನು ನಾನು ಗೌರವಿಸುವುದು ಇದಕ್ಕಾಗಿ.